ಹತ್ತು ಲೈನ್ ಇದ್ದರೂ ಎಂಗೇಜ್: ನಮ್ಮ ಆಫೀಸಿನ ಫೋನ್ ಡಬ್ಬಿ ಬಿಚ್ಚಿ ನೋಡಿದ್ದು

ದಾವಣಗೆರೆ ಕಡೆ ಜೂನ್ ಅಂದ್ರೆ ಮೆಕ್ಕೆಜೋಳದ ಬಿತ್ತನೆ. ಒಂದು ಹದ ಮಳೆ ಬಿದ್ದರೆ ಸಾಕು, ಮಾರನೇ ದಿನ ಬೀಜ-ಗೊಬ್ಬರದ ವ್ಯಾಪಾರದವರ ಫೋನಿಗೆ ಬಿಡುವೇ ಇರುವುದಿಲ್ಲ. ನಾನಿರುವುದು ಅಂಥದ್ದೇ ಒಂದು ಹೋಲ್‌ಸೇಲ್ ಆಫೀಸಿನಲ್ಲಿ. ಪಿ.ಬಿ. ರೋಡಿನಲ್ಲಿ ಆಫೀಸು, ಎಪಿಎಂಸಿ ಹತ್ತಿರ ಗೋಡೌನು, ಹರಿಹರ ಮತ್ತು ಚಿತ್ರದುರ್ಗದಲ್ಲಿ ಒಂದೊಂದು ಬ್ರಾಂಚು. ಹೆಸರಿಗೆ ನಾನು ಅಕೌಂಟ್ಸ್ ನೋಡುವವನು. ಆದರೆ ಪ್ರಿಂಟರ್ ಕೆಟ್ಟರೂ, ಟ್ಯಾಲಿ ಓಪನ್ ಆಗದಿದ್ದರೂ, ಫೋನಿನಲ್ಲಿ ಗೊರಗೊರ ಸದ್ದು ಬಂದರೂ ಕೂಗುವುದು ನನ್ನನ್ನೇ.

ಹೋದ ವರ್ಷ ಬಿತ್ತನೆ ಶುರುವಾದ ವಾರವೇ ದೂರು ಬರತೊಡಗಿತು. "ನಿಮ್ಮ ಆಫೀಸಿಗೆ ಎಷ್ಟು ಸಲ ಹಚ್ಚಿದ್ರೂ ಎಂಗೇಜೇ ಬರ್ತೈತಲ್ಲ ಸಾವ್ಕಾರ್ರೆ, ಒಳಗೆ ಏನ್ ಮಾಡ್ತಾರೆ ನಿಮ್ಮ ಹುಡುಗ್ರು?" ಅಂತ ಜಗಳೂರಿನ ಡೀಲರ್ ಒಬ್ಬರು ಸಾವ್ಕಾರ್ರ ಮೊಬೈಲಿಗೇ ಮಾಡಿ ಕೇಳಿದರು. ವಿಚಿತ್ರ ಏನಂದ್ರೆ, ಅವರು ಹಾಗೆ ಕೇಳುತ್ತಿದ್ದಾಗ ಆರ್ಡರ್ ಡೆಸ್ಕಿನ ನಾಲ್ಕು ಫೋನಿನಲ್ಲಿ ಎರಡು ಸುಮ್ನೆ ಕೂತಿದ್ದವು. ಹೊರಗಿನವರಿಗೆ ಎಂಗೇಜ್, ಒಳಗಿನವರಿಗೆ ಕೆಲಸವಿಲ್ಲ. ಸಾವ್ಕಾರ್ರು ನನ್ನ ಮುಖ ನೋಡಿದರು.

ನಮ್ಮ ವ್ಯವಸ್ಥೆ ಹೀಗಿದೆ. ನಡುವೆ ಒಂದು ಹೈಬ್ರಿಡ್ ಇಪಿಎಬಿಎಕ್ಸ್, ಅಂದ್ರೆ ಆಫೀಸಿನದ್ದೇ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜು. ಕಂಪ್ಯೂಟರ್ ನೆಟ್‌ವರ್ಕಿನ ಮೇಲೆ ನಡೆಯುವ ಹೊಸ ಕಾಲದ ಐಪಿ ಫೋನನ್ನೂ ಹಳೇ ಕಾಲದ ಮಾಮೂಲಿ ಸೆಟ್ಟನ್ನೂ ಎರಡನ್ನೂ ನಡೆಸುವ ಡಬ್ಬಿ. ಟೇಬಲ್ ಮೇಲಿನವು ಬಹುತೇಕ ಹಳೇ ಸೆಟ್ಟುಗಳು. ಸಾವ್ಕಾರ್ರ ಕ್ಯಾಬಿನ್ನಿನಲ್ಲಿ, ಗೋಡೌನಿನಲ್ಲಿ, ಬ್ರಾಂಚುಗಳಲ್ಲಿ ಐಪಿ ಫೋನು. ಹೊರಗಿನ ಕರೆಗಳಿಗೆ ಫೈಬರ್ ಮೇಲೆ 10 ಚಾನಲ್ಲಿನ ಸಿಪ್ ಟ್ರಂಕ್, ಅಂದ್ರೆ ನೆಟ್‌ವರ್ಕಿನ ಮೇಲೆ ಒಮ್ಮೆಗೆ 10 ಕರೆ ತರುವ ದಾರಿ. ಅದಕ್ಕೂ ಮುಂಚೆ ಪಿಆರ್‌ಐ ಅನ್ನುವ ಹಳೇ ಥರದ ಡಿಜಿಟಲ್ ಲೈನ್ ಇತ್ತು. ಅದರಲ್ಲಿ 64 ಕೆಬಿಪಿಎಸ್‌ನ 32 ಗಾಡಿ ಓಡುತ್ತವೆ. ಒಂದು ತಾಳ ಹಿಡಿಯುವುದಕ್ಕೆ, ಇನ್ನೊಂದು ಸಿಗ್ನಲ್ಲಿಗೆ, ಮಿಕ್ಕ 30 ಮಾತಿಗೆ. ನಮಗೆ ಅಷ್ಟು ಬೇಡ, ಬಿಲ್ಲು ಜಾಸ್ತಿ ಅಂತ ಬಿಟ್ಟು ಈ 10ಕ್ಕೆ ಬಂದಿದ್ದೆವು. ಇದರ ಜೊತೆ ತಾಮ್ರದ ತಂತಿಯ ಒಂದು ಹಳೇ ಲ್ಯಾಂಡ್‌ಲೈನ್ ಉಳಿಸಿಕೊಂಡಿದ್ದೇವೆ. ಹಳೇ ಬಿಲ್ ಬುಕ್ಕಿನಲ್ಲಿ ಅದೇ ನಂಬರ್ ಅಚ್ಚಾಗಿದೆ, ಹಳ್ಳಿಯ ಹಳಬರು ಈಗಲೂ ಅದಕ್ಕೇ ಮಾಡುತ್ತಾರೆ.

ಟ್ರಂಕ್ ಕೊಟ್ಟ ಕಂಪನಿಗೆ ಫೋನ್ ಮಾಡಿದೆ. "ಸರ್, ನಿಮಗೆ ಚಾನಲ್ ಸಾಲ್ತಿಲ್ಲ, 20 ಮಾಡಿಸಿಕೊಳ್ಳಿ" ಅಂದರು. ಡಬ್ಬಿ ಹಾಕಿದವರನ್ನು ಕೇಳಿದೆ. ಅವರು ಇನ್ನೊಂದು ಕಾರ್ಡಿಗೆ ಕೊಟೇಶನ್ ಕಳಿಸಿದರು. ಇಬ್ಬರೂ ನಮ್ಮ ಲಾಗ್ ನೋಡಿರಲಿಲ್ಲ. ಮಾರುವವರು ಮಾರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ದುಡ್ಡು ಕೊಡುವ ಮುಂಚೆ ಗಂಟು ಎಲ್ಲಿ ಬಿದ್ದಿದೆ ಅಂತ ನೋಡಬೇಕಲ್ವಾ?

ಎಲ್ಲಾ ಡಬ್ಬಿಗಳಲ್ಲೂ ಕರೆಗಳ ಲೆಕ್ಕ ಇರುತ್ತದೆ. ಸಿಡಿಆರ್ ಅಂತಾರೆ. ಯಾರು, ಯಾವಾಗ, ಎಷ್ಟು ಹೊತ್ತು, ಯಾವ ದಾರಿಯಲ್ಲಿ. ನಾನು ಅದನ್ನು ಎಕ್ಸೆಲ್‌ಗೆ ಇಳಿಸಿಕೊಂಡೆ. ಮೊದಲು ಎಲ್ಲರೂ ನೋಡುವುದು ದಿನಕ್ಕೆ ಒಟ್ಟು ಎಷ್ಟು ಕರೆ ಬಂತು ಅಂತ. ಅದರಿಂದ ಏನೂ ಗೊತ್ತಾಗುವುದಿಲ್ಲ. ಬೇಕಾಗಿರುವುದು ಒಂದೇ ಕ್ಷಣದಲ್ಲಿ ಎಷ್ಟು ಕರೆ ನಡೆಯುತ್ತಿದ್ದವು ಅನ್ನುವ ಲೆಕ್ಕ. ಅದಕ್ಕೆ ಒಂದು ಸುಲಭದ ದಾರಿ ಇದೆ. ಪ್ರತಿ ಕರೆಯನ್ನೂ ಎರಡು ಸಾಲು ಮಾಡಿ. ಶುರುವಾದ ಹೊತ್ತಿನ ಎದುರು +1, ಮುಗಿದ ಹೊತ್ತಿನ ಎದುರು −1. ಎಲ್ಲವನ್ನೂ ಹೊತ್ತಿನ ಪ್ರಕಾರ ಸಾರ್ಟ್ ಮಾಡಿ, ಪಕ್ಕದ ಕಾಲಮ್ಮಿನಲ್ಲಿ ಕೂಡಿಸುತ್ತಾ ಹೋಗಿ. ಆ ಕಾಲಮ್ಮಿನಲ್ಲಿ ಬರುವ ದೊಡ್ಡ ಸಂಖ್ಯೆಯೇ ಪೀಕು. ಒಂದು ಎಚ್ಚರ: ಶುರು ಅಂದ್ರೆ ಫೋನ್ ಎತ್ತಿದ ಹೊತ್ತಲ್ಲ, ರಿಂಗ್ ಶುರುವಾದ ಹೊತ್ತು. ರಿಂಗ್ ಆಗುವಾಗಲೇ ಚಾನಲ್ ಹಿಡಿದಾಗಿರುತ್ತದೆ. ಖಾತೆ ಬರೆದು ಅಭ್ಯಾಸ ಇರೋರಿಗೆ ಇದು ನೀರು ಕುಡಿದಷ್ಟು ಸಲೀಸು. ಜಮಾ, ಖರ್ಚು, ಉಳಿಕೆ, ಅಷ್ಟೇ.

ಲೆಕ್ಕ ಮುಗಿದಾಗ ನನಗೇ ಆಶ್ಚರ್ಯ. ಬೆಳಿಗ್ಗೆ 10ರಿಂದ 11ರ ರಶ್ಶಿನಲ್ಲೂ ಟ್ರಂಕಿನ ಮೇಲೆ ಒಮ್ಮೆಗೆ 9ಕ್ಕಿಂತ ಜಾಸ್ತಿ ಕರೆ ಹೋಗಿರಲಿಲ್ಲ. ಹತ್ತನೇ ಚಾನಲ್ ಖಾಲಿ. ಇನ್ನೊಂದು ಸುಳಿವೂ ಸಿಕ್ಕಿತು. ಲಾಗಿನಲ್ಲಿ ಅದೇ ಹೊತ್ತಿಗೆ ಸಾಲು ಸಾಲಾಗಿ ವಾಪಸ್ ಹೋದ ಕರೆಗಳಿದ್ದವು, ಎದುರಿಗೆ 503 ಅಂತ ನಂಬರ್. ಸಿಪ್ ಭಾಷೆಯಲ್ಲಿ 503 ಅಂದ್ರೆ "ಸೇವೆ ಸದ್ಯಕ್ಕೆ ಆಗಲ್ಲ" ಅಂತ. ಇದನ್ನು ಹೇಳಿದ್ದು ನಮ್ಮ ಡಬ್ಬಿಯೇ. ಯೋಚನೆ ಮಾಡಿ. ಚಾನಲ್ ನಿಜಕ್ಕೂ ತುಂಬಿದ್ದರೆ ಕಂಪನಿಯವರ ಕಡೆಯೇ ಕರೆ ನಿಂತು ಹೋಗುತ್ತಿತ್ತು, ನಮ್ಮ ಲಾಗಿಗೆ ಬರುತ್ತಲೇ ಇರಲಿಲ್ಲ. ಬಾಗಿಲ ತನಕ ಬಂದ ಕರೆಯನ್ನು ನಾವೇ ವಾಪಸ್ ಕಳಿಸುತ್ತಿದ್ದೆವು. ಆ ಕಡೆಯವರಿಗೆ ಅದು ಎಂಗೇಜ್ ಅಂತ ಕೇಳಿಸುತ್ತಿತ್ತು.

ಹಾಗಾದ್ರೆ ತುಂಬಿದ್ದು ಯಾವುದು? ಡಬ್ಬಿಯ ಸ್ಟೇಟಸ್ ಪೇಜಿನಲ್ಲಿ ಡಿಎಸ್‌ಪಿ ಅಂತ ಒಂದು ಸಾಲು. 16ಕ್ಕೆ 16, ಕೆಂಪು ಬಣ್ಣ.

ಡಿಎಸ್‌ಪಿ ಅಂದ್ರೆ ವಾಯ್ಸ್ ಕಾರ್ಡಿನ ಮೇಲಿರುವ ಚಿಪ್ಪು. ತಂತಿಯ ಮಾತನ್ನು ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಹೋಗುವ ಸಣ್ಣ ಸಣ್ಣ ತುಣುಕು) ಮಾಡುವುದು, ಪ್ಯಾಕೆಟ್ಟನ್ನು ಮಾತು ಮಾಡುವುದು, ಪ್ರತಿಧ್ವನಿ ತೆಗೆಯುವುದು, ಒಂದು ಕೋಡೆಕ್ಕಿನಿಂದ (ಮಾತನ್ನು ಅಂಕಿ ಮಾಡುವ ವಿಧಾನ) ಇನ್ನೊಂದಕ್ಕೆ ಬದಲಿಸುವುದು, ಕಾನ್ಫರೆನ್ಸಿನಲ್ಲಿ ದನಿ ಬೆರೆಸುವುದು, ರೆಕಾರ್ಡ್ ಮಾಡುವುದು, ಎಲ್ಲಾ ಅದರ ಪಾಲಿಗೆ. ಒಂದೊಂದು ಕೆಲಸಕ್ಕೂ ಒಂದೊಂದು ರಿಸೋರ್ಸ್ ಹಿಡಿಯುತ್ತದೆ. ನಮ್ಮ ಕಾರ್ಡಿನಲ್ಲಿ ಅಂಥವು 16. ಸಾವ್ಕಾರ್ರಿಗೆ ಹೀಗೆ ಹೇಳಿದೆ: "ಗೋಡೌನಿಗೆ ಹತ್ತು ಗೇಟು ಮಾಡಿಸಿದ್ರೂ ವೇಬ್ರಿಡ್ಜ್ ಒಂದೇ ಇದ್ರೆ ಲಾರಿ ರೋಡಿನಲ್ಲೇ ನಿಲ್ತಾವೆ." ಅವರು ತಕ್ಷಣ ಕೇಳಿದರು, "ಸರಿ, ವೇಬ್ರಿಡ್ಜ್ ಮೇಲೆ ಯಾರಪ್ಪ ಗಾಡಿ ನಿಲ್ಲಿಸಿಕೊಂಡು ಟೀ ಕುಡಿತಿರೋದು?" ಪ್ರಶ್ನೆ ಅದೇ. ಒಬ್ಬೊಬ್ಬರನ್ನೇ ಹಿಡಿಯುತ್ತಾ ಹೋದೆ.

ದೊಡ್ಡ ಪಾಲು ರೆಕಾರ್ಡಿಂಗಿನದು. ಹಿಂದೆ ಯಾವಾಗಲೋ ಒಬ್ಬ ಡೀಲರ್ ಜೊತೆ ರೇಟಿನ ವಿಷಯಕ್ಕೆ "ನೀವು ಹಂಗೆ ಹೇಳಿದ್ರಿ, ನಾವು ಹಿಂಗೆ ಕೇಳಿದ್ವಿ" ಅಂತ ಜಗಳವಾಗಿತ್ತು. ಅವತ್ತಿನಿಂದ ಎಲ್ಲಾ ಎಕ್ಸ್‌ಟೆನ್ಶನ್ನೂ ರೆಕಾರ್ಡು. ಟೀ ಹೇಳುವ ಕರೆಯೂ ರೆಕಾರ್ಡು. ಹೊರಗಿನ ಒಂದು ಕರೆ ಹಳೇ ಸೆಟ್ಟಿಗೆ ಬಂದರೆ ಅದಕ್ಕೊಂದು ರಿಸೋರ್ಸ್, ರೆಕಾರ್ಡಿಂಗಿಗೆ ಇನ್ನೊಂದು. ಎಂಟು ಕರೆಗೆ 16 ಮುಗಿದು ಹೋಯಿತು. ಒಂಬತ್ತನೆಯವರಿಗೆ ಎಂಗೇಜ್. 10 ಚಾನಲ್ಲನ್ನು 20 ಮಾಡಿಸಿದ್ದರೂ ಒಂಬತ್ತನೆಯವರಿಗೆ ಎಂಗೇಜೇ ಬರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಒಂಬತ್ತು ಕಂಡಿದ್ದು ಯಾಕೆ ಅಂದ್ರೆ, ಒಂದೆರಡು ಕರೆ ಐಪಿ ಫೋನಿಗೆ ಹೋಗಿರುತ್ತಿದ್ದವು, ಅವಕ್ಕೆ ರೆಕಾರ್ಡಿಂಗಿನ ಒಂದೇ ರಿಸೋರ್ಸ್ ಸಾಕು.

ಎರಡನೆಯದು ಬೆಳಗಿನ ಕಾನ್ಫರೆನ್ಸ್. ಸಾವ್ಕಾರ್ರು, ಎರಡು ಬ್ರಾಂಚು, ಗೋಡೌನು, ಸೇಲ್ಸ್ ಮ್ಯಾನೇಜರ್, ಐದು ಜನ. ಸ್ಟಾಕ್ ಎಷ್ಟು, ರೇಟ್ ಎಷ್ಟು, ಯಾವ ಲಾರಿ ಎಲ್ಲಿಗೆ. ಶುರುವಾಗುತ್ತಿದ್ದುದು 10 ಗಂಟೆಗೆ, ಅಂದರೆ ರೈತರೂ ಡೀಲರುಗಳೂ ಫೋನ್ ಮಾಡುವ ಹೊತ್ತಿಗೇ. ಕಾನ್ಫರೆನ್ಸಿನಲ್ಲಿ ಎಲ್ಲರ ಮಾತನ್ನೂ ಒಟ್ಟಿಗೆ ಕಲಸಿ ಎಲ್ಲರಿಗೂ ಬಡಿಸಿದರೆ ಆಗುವುದಿಲ್ಲ. ನಮ್ಮ ದನಿ ನಮಗೇ ವಾಪಸ್ ಕೇಳಿದರೆ ಮಾತಾಡಲು ಆಗಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಅವರ ದನಿ ಬಿಟ್ಟು ಮಿಕ್ಕವರದ್ದನ್ನು ಬೇರೆಯಾಗಿ ಬೆರೆಸಿ ಕೊಡಬೇಕು. ಐದು ಜನಕ್ಕೆ ಐದು ಬೇರೆ ಬೇರೆ ಮಿಶ್ರಣ. ಮೀಟಿಂಗ್ ಮುಗಿದ ಮೇಲೂ ಸಾವ್ಕಾರ್ರು ಸ್ಪೀಕರ್ ಆಫ್ ಮಾಡದೆ ಪೇಪರ್ ಓದುತ್ತಾ ಕೂರುತ್ತಿದ್ದರು. ಹರಿಹರದವರು ತಾವಾಗಿ ಕಟ್ ಮಾಡಲು ಹೆದರಿ ಲೈನಿನಲ್ಲೇ ಇರುತ್ತಿದ್ದರು. ಇದನ್ನು ಸಾವ್ಕಾರ್ರಿಗೆ ಹೇಗೆ ಹೇಳುವುದು? ಪ್ರಿಂಟ್ ತೆಗೆದು ಮುಂದಿಟ್ಟೆ. ನೋಡಿ ನಕ್ಕರು. ಈಗ ಮೀಟಿಂಗ್ ಎಂಟೂವರೆಗೆ.

ಮೂರನೆಯದು ಚಿತ್ರದುರ್ಗದ ಕತೆ. ಇದು ಸ್ವಲ್ಪ ಬಿಡಿಸಿ ಹೇಳಬೇಕು. ಫೋನಿನ ಮಾತನ್ನು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಗೂ 8 ಬಿಟ್ ಕೊಟ್ಟರೆ 64 ಕೆಬಿಪಿಎಸ್. ಅದೇ ಜಿ.711, 1972ರ ಮಾನದಂಡ, ಇವತ್ತಿಗೂ ಎಲ್ಲಾ ಕಡೆ ನಡೆಯುತ್ತದೆ. ಇನ್ನೊಂದು ಜಿ.729. ಮಾತನ್ನು ಹಿಂಡಿ 8 ಕೆಬಿಪಿಎಸ್‌ಗೆ ಇಳಿಸುತ್ತದೆ. ಎಂಟು ಪಟ್ಟು ಉಳಿತಾಯ ಅನ್ನಿಸುತ್ತದೆ, ಆದರೆ ಅಷ್ಟು ಉಳಿಯುವುದಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್ ಹೋಗುತ್ತವೆ, ಪ್ರತಿಯೊಂದಕ್ಕೂ ವಿಳಾಸ ಗಿಳಾಸ ಅಂತ 40 ಬೈಟಿನ ತಲೆಪಟ್ಟಿ. ಜಿ.729ರಲ್ಲಿ ಒಳಗಿನ ಮಾಲು 20 ಬೈಟು, ಮೇಲಿನ ಚೀಟಿ 40 ಬೈಟು! ಹಾಗಾಗಿ ಲೈನಿನ ಮೇಲೆ ಅದು 24 ಕೆಬಿಪಿಎಸ್ ಆಗುತ್ತದೆ, ಜಿ.711 ಆದರೆ 80. ಈಥರ್ನೆಟ್ಟಿನ ಭಾರ ಇನ್ನೂ ಬೇರೆ.

ಚಿತ್ರದುರ್ಗದ ಬ್ರಾಂಚ್ ಶುರು ಮಾಡಿದಾಗ ಅಲ್ಲಿಗಿದ್ದುದು 256 ಕೆಬಿಪಿಎಸ್ ಲಿಂಕು. ಜಿ.711 ಹಾಕಿದ್ದರೆ ಮೂರು ಕರೆ ಹೋಗುತ್ತಿದ್ದವು, ಜಿ.729 ಹಾಕಿದರೆ ಹತ್ತು. ಡಬ್ಬಿ ಹಾಕಿದವರು ಜಿ.729 ಹಾಕಿದ್ದು ಸರಿಯಾಗೇ ಇತ್ತು. ಆಮೇಲೆ ಅಲ್ಲಿಗೂ ಫೈಬರ್ ಬಂತು. ಸೆಟ್ಟಿಂಗ್ ಮಾತ್ರ ಹಾಗೇ ಉಳಿಯಿತು. ಅದರಿಂದ ಏನಾಗುತ್ತಿತ್ತು ಅಂದ್ರೆ, ದುರ್ಗದ ಗಿರಾಕಿ ದಾವಣಗೆರೆ ನಂಬರಿಗೆ ಮಾಡುತ್ತಾನೆ, ನಾವು ಅದನ್ನು ದುರ್ಗಕ್ಕೆ ಟ್ರಾನ್ಸ್‌ಫರ್ ಮಾಡುತ್ತೇವೆ. ಟ್ರಂಕ್ ಕಡೆ ಜಿ.711, ದುರ್ಗದ ಕಡೆ ಜಿ.729. ನಡುವೆ ಬಿಚ್ಚುವುದಕ್ಕೊಂದು, ಮತ್ತೆ ಹಿಂಡುವುದಕ್ಕೊಂದು, ಎರಡು ರಿಸೋರ್ಸ್. ನಮ್ಮವರು ಫೋನ್ ಇಟ್ಟು ಬೇರೆ ಕೆಲಸಕ್ಕೆ ಹೋಗಿದ್ದರೂ ಡಬ್ಬಿ ಆ ಕರೆ ಮುಗಿಯುವ ತನಕ ಕೂಲಿ ಮಾಡುತ್ತಲೇ ಇರುತ್ತಿತ್ತು. ಹಿಂಡುವ ಕೋಡೆಕ್ ಚಿಪ್ಪಿಗೂ ಭಾರ, ಅದೇ ಕಾರ್ಡು ಜಿ.711ರಲ್ಲಿ ನಡೆಸುವಷ್ಟು ಕರೆಯನ್ನು ಜಿ.729ರಲ್ಲಿ ನಡೆಸುವುದಿಲ್ಲ.

ಬ್ರಾಂಚಿನ ಐಪಿ ಫೋನುಗಳಲ್ಲಿ ಕೋಡೆಕ್ ಪಟ್ಟಿ ತೆಗೆದು ಜಿ.711ರ ಎ-ಲಾ ಮೇಲಕ್ಕೆ ತಂದೆ. ಜಿ.711ರಲ್ಲಿ ಎರಡು ಬಗೆ. ನಮ್ಮ ದೇಶದ ಫೋನ್ ಜಾಲ ನಡೆಯುವುದು ಎ-ಲಾ ಮೇಲೆ. ಅಮೆರಿಕದ್ದು ಮ್ಯೂ-ಲಾ. ಫೋನುಗಳು ಬರುವಾಗ ಮ್ಯೂ-ಲಾ ಮೊದಲು ಇಟ್ಟುಕೊಂಡು ಬರುವುದೇ ಜಾಸ್ತಿ. ಎರಡೂ ಕಡೆ ಒಂದೇ ಕೋಡೆಕ್ ಆದ ಮೇಲೆ ದುರ್ಗಕ್ಕೆ ಟ್ರಾನ್ಸ್‌ಫರ್ ಆದ ಕರೆಗೆ ಡಿಎಸ್‌ಪಿಯೇ ಬೇಕಾಗಲಿಲ್ಲ, ಪ್ಯಾಕೆಟ್ ಬಂದ ಹಾಗೇ ದಾಟಿ ಹೋಗುತ್ತದೆ. ದುರ್ಗದ ಬ್ರಾಂಚಿನ ಮೇಡಂ ಫೋನ್ ಮಾಡಿ, "ಏನ್ ಮಾಡಿದ್ರಿ ಸರ್? ಹೋಲ್ಡ್ ಮ್ಯೂಸಿಕ್ ಈಗ ಮ್ಯೂಸಿಕ್ ಥರ ಕೇಳ್ತೈತೆ" ಅಂದರು. ಜಿ.729 ಮನುಷ್ಯರ ಮಾತಿಗೆ ಅಂತ ಮಾಡಿದ್ದು, ನಾದಸ್ವರವನ್ನು ಅದು ನೀರೊಳಗೆ ಮುಳುಗಿಸಿ ಕೊಡುತ್ತದೆ.

ಇಷ್ಟಾದರೂ ಸ್ಟೇಟಸ್ ಪೇಜಿನಲ್ಲಿ ಒಂದೆರಡು ರಿಸೋರ್ಸ್ ಯಾವಾಗಲೂ ಕೆಂಪಗೇ ಇರುತ್ತಿದ್ದವು. ಮಧ್ಯಾಹ್ನ ಊಟದ ಹೊತ್ತಿನಲ್ಲೂ, ಯಾರೂ ಮಾತಾಡದಿದ್ದಾಗಲೂ. ಇದನ್ನು ಹುಡುಕಿದ್ದೇ ನನಗೆ ಇಡೀ ಕೆಲಸದಲ್ಲಿ ಖುಷಿ ಕೊಟ್ಟ ಭಾಗ.

ಹಳೇ ಲ್ಯಾಂಡ್‌ಲೈನಿಗೆ ಬಂದ ಕರೆ ಗೋಡೌನಿಗೆ ಹೋಗುತ್ತದೆ. ಅಲ್ಲಿ ಹುಡುಗರು ಲಾರಿಗೆ ಚೀಲ ಹಾಕುತ್ತಿದ್ದರೆ ಯಾರೂ ಎತ್ತುವುದಿಲ್ಲ. ಆಗ ಕರೆ ವಾಯ್ಸ್‌ಮೇಲಿಗೆ ಬೀಳುತ್ತದೆ. "ನಿಮ್ಮ ಸಂದೇಶ ತಿಳಿಸಿ" ಅಂತ ಹೆಣ್ಣುದನಿ ಬಂದ ಕೂಡಲೇ ನಮ್ಮ ರೈತರು ಇಟ್ಟುಬಿಡುತ್ತಾರೆ. ಮಿಷನ್ ಹತ್ರ ಯಾರು ಮಾತಾಡ್ತಾರೆ? ಆ ವಾಯ್ಸ್‌ಮೇಲ್ ಡಬ್ಬಿ ಯಾರೂ ತೆಗೆದು ಕೇಳಿರಲಿಲ್ಲ. ಕೇಳಿದೆ. ಮೊದಲು ಒಂದು ಉಸಿರು, ಹಿಂದೆ ಟ್ರ್ಯಾಕ್ಟರ್ ಸದ್ದು, "ಯಾರೂ ಎತ್ತಂಗಿಲ್ಲ ಬಿಡು" ಅನ್ನುವ ಮಾತು, ಟಕ್. ಆಮೇಲೆ ಟೂಂ... ಟೂಂ... ಟೂಂ. ಬಹಳ ಹೊತ್ತು ಟೂಂ. ಆಮೇಲೆ ಬರೀ ಸುಯ್ಯೆನ್ನುವ ಸದ್ದು. ಒಂದೊಂದು ಸಂದೇಶ ಅರ್ಧ ಗಂಟೆ, ಮುಕ್ಕಾಲು ಗಂಟೆ.

ಸಿಪ್ ಟ್ರಂಕಿನಲ್ಲಿ ಆ ಕಡೆಯವರು ಇಟ್ಟರೆ "ಮುಗಿಯಿತು" ಅಂತ ಸಂದೇಶ ಬರುತ್ತದೆ. ತಾಮ್ರದ ಲೈನಿನಲ್ಲಿ, ಎಕ್ಸ್‌ಚೇಂಜಿನವರು ಬೇರೆ ಸಿಗ್ನಲ್ ಕೊಡದಿದ್ದರೆ, ಅಂಥದ್ದೇನೂ ಬರುವುದಿಲ್ಲ. ಎಂಗೇಜ್ ಟೋನ್ ಕೇಳಿಸಿಕೊಂಡು ಡಬ್ಬಿಯೇ ಊಹೆ ಮಾಡಬೇಕು. ನಮ್ಮ ದೇಶದ ಎಂಗೇಜ್ ಟೋನ್ 400 ಹರ್ಟ್ಜ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಸುಮ್ಮನೆ. ನಮ್ಮ ಡಬ್ಬಿಯಲ್ಲಿ ದೇಶದ ಜಾಗದಲ್ಲಿ ಅಮೆರಿಕ ಇತ್ತು. ಅಲ್ಲಿಯದು 480 ಮತ್ತು 620 ಹರ್ಟ್ಜ್ ಎರಡೂ ಸೇರಿದ ಸದ್ದು, ಅರ್ಧ ಸೆಕೆಂಡಿಗೊಮ್ಮೆ. ಪಾಪ, ಡಬ್ಬಿ ಆ ಸದ್ದಿಗಾಗಿ ಕಾಯುತ್ತಾ ನಮ್ಮ ಟೂಂ ಟೂಂ ಅನ್ನು ಯಾರೋ ಮಾತಾಡುತ್ತಿದ್ದಾರೆ ಅಂತ ನಂಬಿ ರೆಕಾರ್ಡ್ ಮಾಡುತ್ತಲೇ ಇತ್ತು. ಲೈನೂ ಹಿಡಿದು, ರಿಸೋರ್ಸೂ ಹಿಡಿದು. ದೇಶ ಬದಲಾಯಿಸಿದೆ, ಸಂದೇಶಕ್ಕೆ ಎರಡು ನಿಮಿಷದ ಮಿತಿ ಹಾಕಿದೆ. ಅವತ್ತಿನಿಂದ ಆ ಕೆಂಪು ಹೋಯಿತು.

ರೆಕಾರ್ಡಿಂಗ್ ವಿಷಯದಲ್ಲಿ ಸಾವ್ಕಾರ್ರ ಜೊತೆ ಚೌಕಾಸಿ ನಡೆಯಿತು. ಅವರಿಗೆ ಎಲ್ಲಾ ಬೇಕು, ನನಗೆ ಯಾವುದೂ ಬೇಡ. ಕೊನೆಗೆ ಆರ್ಡರ್ ಡೆಸ್ಕಿನ ನಾಲ್ಕು ಫೋನು ಮಾತ್ರ ಅಂತ ಒಪ್ಪಂದ. ರೇಟಿನ ಮಾತು ನಡೆಯುವುದು ಅಲ್ಲೇ. ಸೇಲ್ಸ್‌ನವರು ಹೊನ್ನಾಳಿ, ಚನ್ನಗಿರಿ ಕಡೆ ಹೋದಾಗ ಎಕ್ಸ್‌ಟೆನ್ಶನ್ನನ್ನು ಮೊಬೈಲಿಗೆ ಫಾರ್ವರ್ಡ್ ಮಾಡಿ ಹೋಗುತ್ತಿದ್ದರು. ಹಾಗೆ ಮಾಡಿದರೆ ಬಂದ ಕರೆಗೊಂದು, ಹೊರಗೆ ಹೋದದ್ದಕ್ಕೊಂದು, ಒಂದೇ ಮಾತಿಗೆ ಎರಡು ಚಾನಲ್. ಒಮ್ಮೆಗೆ ಎರಡು ಫಾರ್ವರ್ಡಿಗಿಂತ ಜಾಸ್ತಿ ಬೇಡ ಅಂತ ಮಿತಿ ಹಾಕಿದೆ. ಸೇಲ್ಸ್‌ನವರು ಗೊಣಗಿದರು. ಗೊಣಗಲಿ, ಮೊಬೈಲ್ ನಂಬರನ್ನೇ ಡೀಲರಿಗೆ ಕೊಟ್ಟರಾಯಿತು.

ಡಬ್ಬಿಯೊಳಗಿನ ಗಂಟು ಬಿಚ್ಚಿದ ಮೇಲೆ ಟ್ರಂಕಿನ ಲೆಕ್ಕ ನಿಜವಾಗಿ ಶುರುವಾಯಿತು. ಮೊದಲು ವಾಪಸ್ ಹೋಗುತ್ತಿದ್ದ ಕರೆಗಳೂ ಈಗ ಒಳಗೆ ಬರುತ್ತವಲ್ಲ! ಇಲ್ಲಿ ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಎರ್ಲಾಂಗ್ ಅನ್ನುವವರು ಕೆಲಸಕ್ಕೆ ಬರುತ್ತಾರೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದವರು. ಎಷ್ಟು ಲೈನ್ ಇದ್ದರೆ ಎಷ್ಟು ಜನ ವಾಪಸ್ ಹೋಗುತ್ತಾರೆ ಅನ್ನುವ ಸೂತ್ರವನ್ನು 1917ರಲ್ಲೇ ಕೊಟ್ಟಿದ್ದರು. ಅದರ ಕೋಷ್ಟಕ ಎಲ್ಲಾ ಕಡೆ ಸಿಗುತ್ತದೆ.

ನಮ್ಮ ರಶ್ಶಿನ ಗಂಟೆಯಲ್ಲಿ ಸುಮಾರು 120 ಕರೆ, ಒಂದೊಂದು ಸರಾಸರಿ 3 ನಿಮಿಷ. ಒಟ್ಟು 360 ನಿಮಿಷ, 60ರಿಂದ ಭಾಗಿಸಿದರೆ 6. ಇದನ್ನೇ 6 ಎರ್ಲಾಂಗ್ ಅನ್ನುತ್ತಾರೆ. 10 ಚಾನಲ್ಲಿಗೆ 6 ಎರ್ಲಾಂಗ್ ಬಂದರೆ ನೂರಕ್ಕೆ ನಾಲ್ಕು ಜನ ವಾಪಸ್. ನೂರಕ್ಕೆ ಒಬ್ಬರಿಗೆ ಇಳಿಸಬೇಕು ಅಂದ್ರೆ 13 ಚಾನಲ್ ಬೇಕು. ಆದರೆ ಕರೆ 3 ನಿಮಿಷದ ಬದಲು 2 ನಿಮಿಷಕ್ಕೆ ಮುಗಿದರೆ 4 ಎರ್ಲಾಂಗ್, ಆಗ 10 ಚಾನಲ್ ಸಾಕು.

ಹಾಗಾದ್ರೆ ಆ ಒಂದು ನಿಮಿಷ ಎಲ್ಲಿ ಹೋಗುತ್ತಿತ್ತು? ಆರ್ಡರ್ ಡೆಸ್ಕಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. "45 ಕೆಜಿ ಯೂರಿಯಾ ಎಷ್ಟೈತೆ?" ಅಂತ ಕೇಳುತ್ತಾರೆ. "ಇರಿ ಅಣ್ಣಾ, ಗೋಡೌನಿಗೆ ಕೇಳಿ ಹೇಳ್ತೀನಿ." ಹೋಲ್ಡ್. ನಾದಸ್ವರ. ಗೋಡೌನಿಗೆ ಇನ್ನೊಂದು ಕರೆ. ಅಲ್ಲಿ ಯಾರೂ ಎತ್ತಲ್ಲ. ಹೋಲ್ಡಿನಲ್ಲಿದ್ದವರು ಮಾತಾಡದಿದ್ದರೂ ಚಾನಲ್ ಅವರದೇ, ರಿಸೋರ್ಸೂ ಅವರದೇ. ಇದಕ್ಕೆ ಫೋನಿನಲ್ಲಿ ಔಷಧಿಯಿಲ್ಲ. ಗೋಡೌನಿನವರು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಸ್ಟಾಕನ್ನು ಶೀಟಿನಲ್ಲಿ ಹಾಕಬೇಕು, ಡೆಸ್ಕಿನವರು ಅದನ್ನೇ ನೋಡಿ ಹೇಳಬೇಕು ಅಂತ ಮಾಡಿದೆವು. ಶೀಟಿನಲ್ಲಿ ಇಲ್ಲದ್ದಕ್ಕೆ "ಐದು ನಿಮಿಷದಲ್ಲಿ ನಾವೇ ಮಾಡ್ತೀವಿ" ಅಂತ ಇಡುವುದು. ಗೋಡೌನಿನ ಹಿರಿಯರಿಗೆ ಇದು ಇವತ್ತಿಗೂ ಕಿರಿಕಿರಿ. ಮಧ್ಯಾಹ್ನದ ಶೀಟು ಮೂರು ಗಂಟೆಗೆ ಮುಂಚೆ ಬರುವುದೇ ಅಪರೂಪ. ಆದರೂ ಸರಾಸರಿ ಎರಡು ನಿಮಿಷದ ಆಸುಪಾಸಿಗೆ ಇಳಿದಿದೆ.

ಕಾರ್ಡಿನ ಕೊಟೇಶನ್ ಫೈಲಿನಲ್ಲಿದೆ. ಬ್ರಾಂಚ್ ಇನ್ನೊಂದಾದರೆ ಅದು ಬೇಕಾಗುತ್ತದೆ, ಸದ್ಯಕ್ಕೆ ಬೇಡ. ಚಾನಲ್ಲೂ 10ರಲ್ಲೇ ನಿಂತಿದೆ. ಈ ವರ್ಷದ ಮಳೆಗೆ 503 ಒಂದೆರಡು ಬಿದ್ದವು, ಎರಡೂ ಕಾನ್ಫರೆನ್ಸ್ ಎಳೆದಾಡಿ ಒಂಬತ್ತೂವರೆ ಆದ ದಿನವೇ. ಹಳೇ ಲ್ಯಾಂಡ್‌ಲೈನ್ ಬಗ್ಗೆ ಸಾವ್ಕಾರ್ರು ಕೇಳಿದರು, "ಇಷ್ಟು ತಲೆನೋವು ಕೊಟ್ಟಿದ್ದನ್ನ ತೆಗೆಸಿಬಿಡೋಣೇನು?" ಬೇಡ ಅಂದೆ. ಕರೆಂಟ್ ಹೋಗಿ ಯುಪಿಎಸ್ಸೂ ಕೈ ಕೊಟ್ಟರೆ ಡಬ್ಬಿ ಆ ಲೈನನ್ನು ತಾನೇ ರಿಸೆಪ್ಶನ್ನಿನ ಹಳೇ ಸೆಟ್ಟಿಗೆ ಸೇರಿಸಿಬಿಡುತ್ತದೆ. ತಾಮ್ರದ ತಂತಿಗೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತದಲ್ಲ, 48 ವೋಲ್ಟು. ಬಾಡಿಗೆಯನ್ನು ಟೆಲಿಫೋನ್ ಖರ್ಚಿನ ತಲೆಬರಹದಿಂದ ತೆಗೆದು ಜನರೇಟರ್ ಖರ್ಚಿನ ಕೆಳಗೆ ಬರೀತೀನಿ ಅಂದೆ. "ಆಡಿಟರ್ ಬೈತಾನೆ, ಬರ್‍ಯಬೇಡ" ಅಂದರು.